ಭರತ-ಇಳಿತದ ಹಕ್ಕಿಗಳು
ಹಕ್ಕಿ ನೋಡಲು ಘಟ್ಟ ಹತ್ತಲೇಬೇಕೆಂದಿಲ್ಲ, ತಲ್ಲೂರಿನ ಹೊಳೆಬದಿ ಸಾಕು. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವ ಈ ಸೀಮೆಯಲ್ಲಿ ಹಾಡಿ (ಊರಂಚಿನ ಕಾಡು), ಬೈಲು (ಗದ್ದೆ ಬಯಲು), ಕಾಂಡ್ಲಾವನ (ಮ್ಯಾಂಗ್ರೋವ್), ಕುದ್ರು (ಹೊಳೆ ನಡುವಿನ ದ್ವೀಪ) ಒಂದಕ್ಕೊಂದು ಅಂಟಿಕೊಂಡೇ ಇವೆ. ಇಲ್ಲಿ ಗಡಿಯಾರಕ್ಕಿಂತ ಭರತ-ಇಳಿತದ ಲೆಕ್ಕ ಮುಖ್ಯ. ನೀರು ಇಳಿದು ಕೆಸರು ತೆರೆದಾಗ ಬೆಳ್ಳಕ್ಕಿಗಳು ಇಳಿಯುತ್ತವೆ. ಚಳಿಗಾಲವಾದರೆ ದೂರದ ಉತ್ತರದಿಂದ ಬಂದ ಗೊರವಗಳೂ ಅಲ್ಲೇ ಹುಳ, ಏಡಿ ಹೆಕ್ಕುತ್ತಿರುತ್ತವೆ. ನೀರು ಏರಿತೋ, ಅವೆಲ್ಲ ಗದ್ದೆಯ ಅಂಚಿಗೆ. ಕಾಂಡ್ಲಾದ ಬೇರುಗಳ ನಡುವೆ ಮರಿಮೀನು ಬೆಳೆಯುವುದರಿಂದ ಮಿಂಚುಳ್ಳಿಗಳಿಗೆ ಅದೇ ಊಟದ ಮನೆ. ಬಿಳಿಯೆದೆಯ ಮಿಂಚುಳ್ಳಿಗೆ ಮಾತ್ರ ಮೀನಿನ ಹಂಗಿಲ್ಲ. ಬೈಲಿನ ಕರೆಂಟು ತಂತಿಯ ಮೇಲೆ ಕೂತು ಮಿಡತೆಯನ್ನೋ ಓತಿಯನ್ನೋ ಎತ್ತಿಕೊಂಡು ಹೋಗುತ್ತದೆ. ಹಾಡಿಯಲ್ಲಿ ಗೋಳಿಮರ ಹಣ್ಣಾದರೆ ಕುಟುರ, ಪಿಕಳಾರಗಳ ಗಲಾಟೆ. ಇನ್ನೂ ಒಳಗೆ ಹೋದರೆ, ಅದೃಷ್ಟವಿದ್ದಲ್ಲಿ, ಮಂಗಟ್ಟೆ. ಹೆದ್ದಾರಿ 66ರ ಸೇತುವೆಯ ಮೇಲೆ ಕಾರು ನಿಲ್ಲಿಸಿ ದುರ್ಬೀನು ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು. ಲಾರಿಯವರ ಬೈಗುಳ ತಿನ್ನುವ ಬದಲು ದಂಡೆಗಿಳಿದು ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವವರನ್ನೋ ದೋಣಿಯವರನ್ನೋ ಮಾತಾಡಿಸಬಾರದೇ? ಗರುಡ ಯಾವ ಮರದಲ್ಲಿ ಗೂಡು ಕಟ್ಟಿದೆಯೆಂದು ಪುಸ್ತಕಕ್ಕಿಂತ ಮೊದಲು ಅವರಿಗೆ ಗೊತ್ತಿರುತ್ತದೆ.