ಹೆರಿಗೆಗೆ ಮುಂದೂಡಿಕೆಯಿಲ್ಲ

ಮಾನ್ಯ ಸಂಪಾದಕರೇ,

ಕೋವಿಡ್ ಕಾಲದ ಆರೋಗ್ಯಾಡಳಿತವನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನದಲ್ಲಿ ಹಾಸಿಗೆ, ಆಮ್ಲಜನಕ, ಲಸಿಕೆಗಳ ಲೆಕ್ಕವು ಸವಿಸ್ತರವಾಗಿ ಬಂದಿದೆಯಾದರೂ, ಯಾವ ರೋಗವೂ ಇಲ್ಲದೆ ಕೇವಲ ದಿನ ತುಂಬಿದ ಕಾರಣಕ್ಕಾಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಗರ್ಭಿಣಿಯರ ವಿಷಯವಾಗಿ ಒಂದು ವಾಕ್ಯವೂ ಇಲ್ಲದಿರುವುದನ್ನು ಕಂಡು ಖೇದಗೊಂಡು ಈ ಪತ್ರವನ್ನು ಬರೆಯುತ್ತಿದ್ದೇನೆ.

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಸ್ತಬ್ಧವಾದಾಗ, ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಡಬೇಕಿದ್ದ ಹೆಣ್ಣುಮಕ್ಕಳು ಬಸ್ಸಿಲ್ಲದೆ ಗಂಡನ ಮನೆಯಲ್ಲಿಯೇ ಉಳಿದರು. ಮೊದಲೇ ತವರು ಸೇರಿದ್ದವರಿಗೋ, ತಾಯಿ ಕಾರ್ಡು ಕೈಯಲ್ಲಿದ್ದರೂ ಆವರೆಗೆ ನೋಡಿಕೊಂಡಿದ್ದ ವೈದ್ಯರು ಜಿಲ್ಲೆಯ ಗಡಿಯಾಚೆ ಉಳಿದರು. ಬಸಿರಿಯ ಮನೆಬಾಗಿಲಿಗೆ ಬಂದು ಕಬ್ಬಿಣದ ಮಾತ್ರೆ ನುಂಗಿದಳೇ, ಕಾಲು ಊದಿದೆಯೇ ಎಂದು ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆಯರನ್ನು ಸೋಂಕಿನ ಸಮೀಕ್ಷೆಗೆ ಅಟ್ಟಲಾಯಿತು. ಏರಿದ ರಕ್ತದೊತ್ತಡವನ್ನು ಏಳನೆಯ ತಿಂಗಳಲ್ಲಿ ಯಾರೂ ಅಳೆಯದಿದ್ದರೆ ಅದು ಒಂಬತ್ತನೆಯ ತಿಂಗಳಲ್ಲಿ ಸನ್ನಿಯಾಗಿ ಎರಗಬಹುದು, ಹೆರಿಗೆಯ ತರುವಾಯದ ರಕ್ತಸ್ರಾವವಂತೂ ಕೆಲವೇ ಗಂಟೆಗಳಲ್ಲಿ ಪ್ರಾಣಾಪಹಾರಿಯಾಗಬಲ್ಲದು.

ಆಜ್ಞೆಗಳಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಪರೀಕ್ಷೆಯಾಗಿಲ್ಲವೆಂಬ ಕಾರಣಕ್ಕೆ ಹೆರಿಗೆಯೂ ಸೇರಿದಂತೆ ಯಾವ ತುರ್ತು ಚಿಕಿತ್ಸೆಯೂ ವಿಳಂಬವಾಗಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಆ ವರ್ಷದ ಮೇ ತಿಂಗಳಿನಲ್ಲಿಯೇ ಸ್ಪಷ್ಟಪಡಿಸಿತ್ತು. ಆದಾಗ್ಯೂ ಜೂನ್‌ನಲ್ಲಿ, ದೆಹಲಿಯ ಮಗ್ಗುಲಿನ ನೊಯ್ಡಾ ಪ್ರದೇಶದಲ್ಲಿ, ಎಂಟು ತಿಂಗಳ ಗರ್ಭಿಣಿಯೊಬ್ಬಳು ಎಂಟು ಆಸ್ಪತ್ರೆಗಳ ಬಾಗಿಲು ತಟ್ಟಿ, ಸುಮಾರು ಹದಿಮೂರು ಗಂಟೆಗಳ ಅಲೆದಾಟದ ಕೊನೆಗೆ ಆಂಬುಲೆನ್ಸಿನಲ್ಲಿಯೇ ಅಸುನೀಗಿದಳು. ಜುಲೈನಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ, ಸೇರಿಸಿಕೊಳ್ಳುವವರಿಲ್ಲದೆ ಆಟೋದಲ್ಲಿ ಹೆತ್ತ ತಾಯಿಯೊಬ್ಬಳು ಶಿಶುವನ್ನು ಕಳೆದುಕೊಂಡಳು. ಸೋಂಕಿನ ಭಯದಿಂದ ಹಾಗಾಯಿತೆಂಬ ಸಮಾಧಾನವನ್ನು ನಾನು ಒಪ್ಪಲಾರೆ. ಏಕೆಂದರೆ ಅದೇ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯ ವೈದ್ಯರೂ ದಾದಿಯರೂ ಸೋಂಕು ತಗುಲಿದ್ದ ನೂರಾರು ಗರ್ಭಿಣಿಯರಿಗೆ ಹೆರಿಗೆ ಮಾಡಿಸಿದರು. ಅವರಿಗೂ ಮನೆಯಿತ್ತು, ಮಕ್ಕಳಿದ್ದರು, ಭಯವೂ ಇದ್ದಿರಬೇಕು. ಹಿಂದಕ್ಕೆ ಕಳುಹಿಸಿದವರು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ ಎಂಬುದೇ ನಿಜವಾದ ಕಾರಣವೆಂದು ನನಗೆ ತೋರುತ್ತದೆ.

ಆದಕಾರಣ ಸರ್ಕಾರದಲ್ಲಿ ನನ್ನ ವಿನಂತಿ ಇಷ್ಟೇ: ಮುಂದೆ ಎಂತಹ ಸಾಂಕ್ರಾಮಿಕವೇ ಬರಲಿ, ಪ್ರತಿ ತಾಲ್ಲೂಕಿನಲ್ಲಿಯೂ ಒಂದು ಹೆರಿಗೆ ವಾರ್ಡನ್ನು ಅನ್ಯ ಕಾರ್ಯಕ್ಕೆ ಎಂದಿಗೂ ತೆಗೆದುಕೊಳ್ಳಬಾರದು; ನೋವು ತಿನ್ನುತ್ತ ಬಂದವಳನ್ನು ಹಿಂದಕ್ಕೆ ಕಳುಹಿಸಿದರೆ ಹೊಣೆಗಾರರು ಯಾರೆಂಬುದನ್ನು ಆ ವಾರ್ಡಿನ ಬಾಗಿಲಿನಲ್ಲಿಯೇ, ಹುದ್ದೆ ಮತ್ತು ದೂರವಾಣಿ ಸಂಖ್ಯೆಗಳ ಸಹಿತ, ಕನ್ನಡದಲ್ಲಿ ಬರೆಯಿಸಿ ಹಾಕಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪಾಧ್ಯಾಯ, ತೀರ್ಥಹಳ್ಳಿ