ಸ್ಪಂಜು ನಮ್ಮ ಹಳೇ ವರ್ಷನ್ ಅಲ್ಲ

ನಮ್ಮ ಟೀಮಿನ ಒಬ್ಬನ ಲ್ಯಾಪ್‌ಟಾಪ್ ಮೇಲೆ ಆ ಸ್ಟಿಕ್ಕರ್ ಇದೆ. ಗೊತ್ತಲ್ಲ, ಬಗ್ಗಿ ನಡೆಯುವ ಮಂಗ, ಆಮೇಲೆ ನೆಟ್ಟಗೆ ನಿಂತ ಮನುಷ್ಯ, ಕೊನೆಗೆ ಕಂಪ್ಯೂಟರ್ ಮುಂದೆ ಮತ್ತೆ ಬಗ್ಗಿ ಕೂತವನು. ನೋಡಿದವರೆಲ್ಲ ನಗ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತೆ. ವಿಕಾಸ ಅಂದ್ರೆ ಏಣಿ ಅನ್ನೋ ಸುಳ್ಳನ್ನ ಇಷ್ಟು ಸಲೀಸಾಗಿ ತಲೆಗೆ ತುಂಬಿದ ಚಿತ್ರ ಇನ್ನೊಂದಿಲ್ಲ.

ಶಾಲೆಯಲ್ಲೂ ಅದೇ ಏಣಿ. ಕೆಳಗಿನ ಮೆಟ್ಟಿಲಲ್ಲಿ ಸ್ಪಂಜು, ಆಮೇಲೆ ಜೆಲ್ಲಿ ಮೀನು, ಹುಳು, ಮೀನು, ತುದಿಯಲ್ಲಿ ನಾವು. ಸ್ಪಂಜಿಗೆ ಮಿದುಳಿಲ್ಲ, ನರವಿಲ್ಲ, ಹೊಟ್ಟೆಯೂ ಇಲ್ಲ. ಹಾಗಾಗಿ 'ಕೆಳವರ್ಗದ ಪ್ರಾಣಿ' ಅಂತ ಬರೆದು ಅಂಕ ತಗೊಂಡ್ವಿ.

ಸರಿ, ಇವತ್ತು ಸಮುದ್ರದ ತಳದಲ್ಲಿ ಕೂತಿರುವ ಸ್ಪಂಜು ನಮ್ಮ ಪೂರ್ವಜ ಹೇಗಾಗುತ್ತೆ? ಅದೂ ನಾವೂ ಒಂದೇ ಮೂಲದಿಂದ ಕವಲೊಡೆದು ಸುಮಾರು 60 ಕೋಟಿ ವರ್ಷ ಆಯ್ತು. ಅಷ್ಟೂ ಕಾಲ ಅದೂ ಬದಲಾಗ್ತಾನೇ ಬಂದಿದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಹಳೇ ವರ್ಷನ್ ಅಲ್ಲ, ಇನ್ನೊಂದು ಬ್ರಾಂಚು. ಇವತ್ತಿಗೂ ಪ್ರೊಡಕ್ಷನ್‌ನಲ್ಲಿ ಓಡ್ತಿದೆ. 1907ರಲ್ಲಿ ವಿಲ್ಸನ್ ಅನ್ನೋ ಅಮೆರಿಕದ ವಿಜ್ಞಾನಿ ಜೀವಂತ ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಿಂಡಿ, ಜೀವಕೋಶಗಳನ್ನು ಬಿಡಿಬಿಡಿ ಮಾಡಿದರು. ಅವು ಒಂದಕ್ಕೊಂದು ಅಂಟಿಕೊಂಡು ಮತ್ತೆ ಸ್ಪಂಜಾದವು! ಮೇಲಿನ ಮೆಟ್ಟಿಲಿನ ನಮ್ಮನ್ನ ಹಾಗೆ ಸೋಸಿದ್ರೆ ಏನು ಉಳಿಯುತ್ತೆ?

ಏಣಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಕೋಂಬ್ ಜೆಲ್ಲಿ. ಬಾಚಣಿಗೆಯಂಥ ಎಂಟು ಸಾಲು ರೋಮ ಬಡಿಯುತ್ತ ಈಜುವ ಪಾರದರ್ಶಕ ಪ್ರಾಣಿ. ಇದಕ್ಕೆ ನರವಿದೆ, ಸ್ನಾಯುವಿದೆ, ಬೇಟೆಯೂ ಆಡುತ್ತೆ. ಪ್ರಾಣಿಗಳ ವಂಶವೃಕ್ಷದಲ್ಲಿ ಮೊದಲು ಕವಲೊಡೆದದ್ದು ಸ್ಪಂಜಲ್ಲ, ಇದೇ ಅಂತ 2008ರಲ್ಲಿ ಜೀನ್‌ಗಳ ಹೋಲಿಕೆ ಸೂಚಿಸಿತು. 2023ರಲ್ಲಿ ವರ್ಣತಂತುಗಳ ಮೇಲೆ ಜೀನ್‌ಗಳ ಜೋಡಣೆ ನೋಡಿದ ಅಧ್ಯಯನವೂ ಅದನ್ನೇ ಹೇಳಿತು. ಅದು ನಿಜವಾದರೆ ನರ ಎರಡು ಸಲ ಬೇರೆಬೇರೆಯಾಗಿ ಹುಟ್ಟಿರಬೇಕು, ಇಲ್ಲಾ ಸ್ಪಂಜು ಇದ್ದ ನರವನ್ನೇ ಬಿಟ್ಟಿರಬೇಕು. ಒಪ್ಪದ ವಿಜ್ಞಾನಿಗಳು ಇದ್ದಾರೆ. ಅವರು ಗೆದ್ದರೂ ಏಣಿ ಉಳಿಯಲ್ಲ. ಮೊದಲು ಬೇರೆ ಮನೆ ಮಾಡಿದ ಅಣ್ಣ ತಮ್ಮನಿಗೆ ಅಜ್ಜ ಆಗ್ತಾನಾ?

ಇದು ಸಮುದ್ರಕ್ಕಷ್ಟೇ ಸೇರಿದ ಮಾತಲ್ಲ. 'ನಿಮ್ಮೂರು ಇನ್ನೂ ಐವತ್ತು ವರ್ಷ ಹಿಂದಿದೆ ಮಗಾ' ಅಂತಾರೆ ಗೆಳೆಯರು. ಬೋರು ಬತ್ತಿದ ವರ್ಷ ನಮ್ಮಪ್ಪ ಕಬ್ಬು ಬಿಟ್ಟು ಮತ್ತೆ ರಾಗಿ ಬಿತ್ತಿದರು. ಅದು ಹಿಂದಕ್ಕೆ ಹೋದದ್ದಲ್ಲ, ಇದ್ದ ನೀರಿಗೆ ತಕ್ಕ ಲೆಕ್ಕ. ನಮ್ಮೂರಲ್ಲೂ ಇವತ್ತು ಇದೇ ತಾರೀಖು ಕಣ್ರೋ.

ಆ ಸ್ಟಿಕ್ಕರ್ ಕಿತ್ತು ಹಾಕಿ. ಅಂಟಿಸಲೇಬೇಕು ಅಂದ್ರೆ ಒಂದು ಮರದ ಚಿತ್ರ ಅಂಟಿಸಿ. ಅದಕ್ಕೆ ತುದಿಗಳು ಬಹಳ. ನಾವಿರೋದು ಒಂದರಲ್ಲಿ.