ನೋಟ ಯಾರ ಇಚ್ಛೆ?



'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿಲ್ಲ. ದೊಡ್ಡವರ ಮಟ್ಟಿಗೆ ಅದು ವಿವೇಕದ ಮಾತೇ. ಸಾವಿನ ಮನೆಗೆ ಜರಿ ಸೀರೆ ಉಟ್ಟು ಹೋಗಬಾರದು, ಮದುವೆಯ ಮನೆಗೆ ಗದ್ದೆಯ ಕೆಸರಿನ ಬಟ್ಟೆಯಲ್ಲಿ ಹೋಗಬಾರದು ಎಂಬುದಷ್ಟೇ ಅದರ ತಾತ್ಪರ್ಯ. ಆದರೆ ಐದಾರು ವರ್ಷದ ಮಗುವಿಗೆ ಈ ಗಾದೆಯ ಮೊದಲ ಅರ್ಧವೂ ದಕ್ಕಿಲ್ಲ. ಅದು ಉಣ್ಣುವುದೂ ನಮ್ಮಿಚ್ಛೆ, ಉಡುವುದೂ ನಮ್ಮಿಚ್ಛೆ. ಉಣ್ಣಿಸುವಾಗಿನ ಒತ್ತಾಯಕ್ಕೆ ಮಗುವಿನ ಆರೋಗ್ಯವೆಂಬ ಕಾರಣವಾದರೂ ಉಂಟು. ಉಡಿಸುವಾಗಿನ ಒತ್ತಾಯಕ್ಕೆ ಕಾರಣವೇನು? ಬಹುತೇಕ ವೇಳೆ ನಮ್ಮ ಪ್ರತಿಷ್ಠೆ. ಮಾತು ಕಟುವಾಯಿತು ಎನಿಸಿದರೆ ಕ್ಷಮಿಸಿ. ಆದರೆ ಮುಂದೆ ಓದಿ.

ನಾನು ಮಂಡ್ಯ ಸೀಮೆಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ನಡೆದ ಸಂಗತಿಯಿದು. ಮೇ ತಿಂಗಳ ಒಂದು ಭಾನುವಾರ, ಮಕ್ಕಳು ಮೊದಲ ಪರಮಪ್ರಸಾದ ಸ್ವೀಕರಿಸುವ ದಿನ. ಎಂಟು ವರ್ಷದ ಹುಡುಗಿಯೊಬ್ಬಳು ನೆಲ ಮುಟ್ಟುವ ನೆಟ್ ಬಟ್ಟೆಯ ಗೌನು ತೊಟ್ಟಿದ್ದಳು. ಕುತ್ತಿಗೆಯ ಸುತ್ತ ಒರಟು ಚಮಕಿ, ಮೈತುಂಬ ಬೆವರು. ಬಲಿಪೂಜೆಯ ಉದ್ದಕ್ಕೂ ಅವಳ ಕೈ ಕುತ್ತಿಗೆಯನ್ನು ಬಿಡಲಿಲ್ಲ. ಹಿಂದಿನ ಬೆಂಚಿನಿಂದ ತಾಯಿಯ ಕಣ್ಣು ಅವಳನ್ನು ಬಿಡಲಿಲ್ಲ. ಬೇಸಿಗೆ ರಜೆ ಮುಗಿದು ಜ್ಞಾನೋಪದೇಶದ ತರಗತಿ ಮತ್ತೆ ಆರಂಭವಾದಾಗ, ಆ ದಿನದ ನೆನಪೇನು ಎಂದು ಮಕ್ಕಳನ್ನು ಕೇಳಿದೆ. ಒಬ್ಬ ಮೇಣದಬತ್ತಿ ಎಂದ, ಒಬ್ಬಳು ಹಾಡು ಎಂದಳು. ಈ ಹುಡುಗಿ ಎದ್ದು ನಿಂತು, "ಕತ್ತೆಲ್ಲ ಚುಚ್ತಿತ್ತು ಫಾದರ್. ಆ ಬಟ್ಟೆ ಬೇಡ ಅಂತ ಅಂಗಡೀಲೇ ಅಮ್ಮಂಗೆ ಹೇಳಿದ್ದೆ" ಎಂದಳು. ತರಗತಿ ನಕ್ಕಿತು. ನನಗೆ ನಗಲಾಗಲಿಲ್ಲ. ಏಕೆಂದರೆ ಆ ಭಾನುವಾರ ಪೀಠದ ಬಳಿ ನಿಂತು 'ನೀವೆಲ್ಲ ದೇವದೂತರಂತೆ ಕಾಣುತ್ತಿದ್ದೀರಿ' ಎಂದು ಹೊಗಳಿದವನು ನಾನೇ. ಆ ಹೊಗಳಿಕೆ ಹೋದದ್ದು ಮಕ್ಕಳ ಕಿವಿಗಲ್ಲ, ಪೋಷಕರ ಕಿವಿಗೆ. ಮುಂದಿನ ವರ್ಷದ ಗೌನುಗಳು ಇನ್ನಷ್ಟು ಉದ್ದವಾದವು. ಈ ತಪ್ಪಿನಲ್ಲಿ ನನಗೂ ಪಾಲುಂಟೆಂದು ಒಪ್ಪಿಕೊಂಡೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಧರ್ಮಸಭೆ ಮಗುವನ್ನು ಹೇಗೆ ಕಂಡಿದೆ ಎಂಬುದನ್ನು ನೋಡಿ. ಒಂದು ಕಾಲದಲ್ಲಿ ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ತುಂಬುವವರೆಗೂ ಮಕ್ಕಳಿಗೆ ಪರಮಪ್ರಸಾದ ಕೊಡುತ್ತಿರಲಿಲ್ಲ. 1910ರ ಆಗಸ್ಟ್ 8ರಂದು, ಸಂತ ಹತ್ತನೇ ಪಿಯುಸ್ ಜಗದ್ಗುರುಗಳ ಕಾಲದಲ್ಲಿ ಹೊರಟ 'ಕ್ವಾಮ್ ಸಿಂಗುಲಾರಿ' ಎಂಬ ಆದೇಶ ಆ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಏಳು ತುಂಬಿದ ಮಗುವಿಗೆ ವಿವೇಚನಾಶಕ್ತಿ ಇದೆಯೆಂದೇ ಭಾವಿಸುತ್ತದೆ. ಅಂದರೆ ಸಾಮಾನ್ಯ ರೊಟ್ಟಿಗೂ ಪ್ರಭುವಿನ ಶರೀರಕ್ಕೂ ಇರುವ ಭೇದವನ್ನು ಈ ಮಗು ಅರಿಯಬಲ್ಲದು ಎಂದು ಧರ್ಮಸಭೆ ನಂಬುತ್ತದೆ. ತನ್ನ ಪಾಪವನ್ನು ತಾನೇ ಗುರುತಿಸಿ ನಿವೇದಿಸಬಲ್ಲದು ಎಂದೂ ನಂಬುತ್ತದೆ. ಅದೇ ಮಗುವಿಗೆ ನೀಲಿ ಅಂಗಿಗೂ ಹಳದಿ ಅಂಗಿಗೂ ನಡುವೆ ಆರಿಸಲು ಬಾರದು ಎಂದು ನಾವು ನಂಬುತ್ತೇವೆ! ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಅದರ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ವ್ಯಾಟಿಕನ್ನಿನ ಪವಿತ್ರ ಪೀಠ 1990ರಲ್ಲಿ, ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿವೆ. ಒಪ್ಪಿಕೊಳ್ಳದೆ ಉಳಿದಿರುವುದು ನಮ್ಮ ಮನೆಯ ಬೀರು ಮಾತ್ರ.

ನಮ್ಮ ಮಕ್ಕಳು ವಾರದಲ್ಲಿ ಆರು ದಿನ ಸಮವಸ್ತ್ರದಲ್ಲಿರುತ್ತಾರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಕಬ್ಬಿನ ಗದ್ದೆಯ ಕೂಲಿಯವರ ಮಗನೂ ಅಂಗಡಿ ಮಾಲೀಕರ ಮಗನೂ ಒಂದೇ ಬಣ್ಣದಲ್ಲಿ ಕೂರುವುದು ಒಳ್ಳೆಯದೇ. ಆದರೆ ಉಳಿದದ್ದು ಒಂದೇ ಒಂದು ಭಾನುವಾರ. 'ಬಣ್ಣದ ಬಟ್ಟೆ'ಯ ಆ ಒಂದು ದಿನವೂ ಮಗುವಿನದಲ್ಲ. ಅಂದು ಅದು ನಮ್ಮ ಮನೆತನದ ಮಾನವನ್ನು ಹೊತ್ತು ನಡೆಯುವ ಬೊಂಬೆ.

ನಿಮ್ಮ ಆಕ್ಷೇಪಣೆಗಳನ್ನು ನಾನು ಬಲ್ಲೆ. "ನಿಮಗೇನು ಫಾದರ್, ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಗೆ ಬಂದು ನೋಡಿ" ಎಂದು ತಾಯಿಯೊಬ್ಬರು ನನಗೆ ನೇರವಾಗಿಯೇ ಹೇಳಿದ್ದಾರೆ. ಅವರು ಮದ್ದೂರಿನ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು; ದಿನವಿಡೀ ಕಾಣದ ಊರಿನವರ ಬಟ್ಟೆ ಹೊಲಿದು, ಸಂಜೆ ಮನೆಗೆ ಬಂದು ಒಲೆ ಹಚ್ಚುವವರು. ಅವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೆ ನನ್ನ ಉತ್ತರ ಸಣ್ಣದು: ಬೆಳಗಿನ ಜಗಳವನ್ನು ಹಿಂದಿನ ರಾತ್ರಿಯೇ ಮುಗಿಸಿ. ಎರಡು ಜೊತೆ ಬಟ್ಟೆ ಎದುರಿಗಿಟ್ಟು ಯಾವುದು ಎಂದು ಕೇಳಿ. ಬೀರುವನ್ನೇ ತೆರೆದಿಟ್ಟರೆ ದೊಡ್ಡವರೂ ಗೊಂದಲಕ್ಕೆ ಬೀಳುತ್ತಾರೆ. ಎರಡರಲ್ಲಿ ಒಂದು ಎಂದರೆ ನಾಲ್ಕು ವರ್ಷದ ಮಗುವೂ ಆರಿಸುತ್ತದೆ.

"ಇರುವುದೇ ಎರಡು ಜೊತೆ, ಬಡವರಿಗೆಲ್ಲಿಯ ಆಯ್ಕೆ?" ಎನ್ನುವವರೂ ಇದ್ದಾರೆ. ಎರಡಿದ್ದರೆ ಆಯ್ಕೆ ಇದೆ. ಒಂದೇ ಇದ್ದರೆ ಜಡೆಯ ರಿಬ್ಬನ್ನಿನಲ್ಲಿದೆ. ಆಯ್ಕೆಗೆ ದುಡ್ಡು ಬೇಕಿಲ್ಲ. ಸಾಲ ಮಾಡಿ ಗೌನು ತರುವುದಕ್ಕೆ ಬೇಕು.

"ಮಗು ಎಲ್ಲಿ ಆರಿಸುತ್ತದೆ, ಮೊಬೈಲು ಆರಿಸುತ್ತದೆ" ಎಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ನಿಜ, ಮಾರುಕಟ್ಟೆ ನಮ್ಮ ಮಕ್ಕಳ ಕಣ್ಣಿಗೆ ಗಾಳ ಹಾಕುತ್ತಿದೆ. ಆದರೆ ಆ ಗಾಳಕ್ಕೆ ಬೇಗ ಸಿಕ್ಕಿಬೀಳುವವನು ಎಂದೂ ಆರಿಸಿ ಅಭ್ಯಾಸವಿಲ್ಲದವನೇ. ಎಂಟು ವರ್ಷದವಳು ಬೊಂಬೆಯ ಚಿತ್ರಕ್ಕೆ ಮರುಳಾಗಿ ಕೊಂಡ ಫ್ರಾಕು ಎರಡು ಒಗೆತಕ್ಕೆ ಬಣ್ಣ ಬಿಟ್ಟರೆ, ನಷ್ಟ ನೂರಿನ್ನೂರು ರೂಪಾಯಿ. ಕಲಿತ ಪಾಠ ಬಾಳೆಲ್ಲ ಉಳಿಯುತ್ತದೆ.

ಇನ್ನು "ಇಂದು ಅಂಗಿ, ನಾಳೆ ಇನ್ನೇನೋ, ಮಕ್ಕಳು ಕೈಮೀರುತ್ತಾರೆ" ಎಂಬ ಭಯ. ವಿವಾಹಕ್ಕೆ ಮುನ್ನ ಗುರುಮನೆಗೆ ಬರುವ ಯುವಕ ಯುವತಿಯರನ್ನು ನಾವು ಬೇರೆ ಬೇರೆಯಾಗಿ ಕೂರಿಸಿ, 'ನಿನ್ನ ಸ್ವಂತ ಇಚ್ಛೆಯಿಂದ ಬಂದಿದ್ದೀಯಾ?' ಎಂದು ಕೇಳುತ್ತೇವೆ. ಸ್ವತಂತ್ರ ಸಮ್ಮತಿಯಿಲ್ಲದೆ ಆ ಸಂಸ್ಕಾರವೇ ಇಲ್ಲ. ಉತ್ತರ ಹೇಳುವ ಮುನ್ನ ಬಾಗಿಲಾಚೆ ಕುಳಿತ ತಾಯಿಯತ್ತ ತಿರುಗುವ ಕಣ್ಣುಗಳನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಇಪ್ಪತ್ತೈದು ವರ್ಷ ಒಂದು ಅಂಗಿಯನ್ನೂ ತಾನೇ ಆರಿಸದವಳಿಂದ ಬಾಳಸಂಗಾತಿಯ ಬಗ್ಗೆ ಸ್ವತಂತ್ರ ಸಮ್ಮತಿಯನ್ನು ಬೇಡುವುದು ಎಂಥ ನ್ಯಾಯ? ಮನಸ್ಸಾಕ್ಷಿ ಹದಿನೆಂಟನೆಯ ಹುಟ್ಟುಹಬ್ಬದಂದು ಆಕಾಶದಿಂದ ಇಳಿಯುವುದಿಲ್ಲ.

ಕೆಲವರಿಗೆ ಗಂಡು ಹೆಣ್ಣಿನ ಬಣ್ಣದ ಚಿಂತೆ. ಅಣ್ಣನ ಅಂಗಿಗೆ ಹಟ ಹಿಡಿದ ತಂಗಿಗೆ, ಗುಲಾಬಿ ಸ್ವೆಟರು ಕೇಳಿದ ತಮ್ಮನಿಗೆ ಗದರಿಕೆ ಕಾದಿರುತ್ತದೆ. ಆದರೆ ಅದೇ ಮನೆಯ ಗೋಡೆಯ ಫೋಟೊ ನೋಡಿ: ಮುಡಿ ತೆಗೆಸುವ ಮುನ್ನ ಗಂಡುಮಗುವಿಗೆ ಜಡೆ ಹಾಕಿ, ಹೂ ಮುಡಿಸಿ, ಲಂಗ ತೊಡಿಸಿ ತೆಗೆಸಿದ ಚಿತ್ರ! ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಯೂರೋಪಿನಲ್ಲಿ ಪುಟ್ಟ ಗಂಡುಮಕ್ಕಳು ತೊಡುತ್ತಿದ್ದದ್ದು ಫ್ರಾಕನ್ನೇ. ನಮ್ಮ ಸಂತೋಷಕ್ಕೆ ನಾವು ತೊಡಿಸಿದರೆ ಚೆಂದ, ತನ್ನ ಸಂತೋಷಕ್ಕೆ ಮಗು ಕೇಳಿದರೆ ಅಪರಾಧ, ಅಲ್ಲವೇ?

ಸಮುವೇಲನ ಮೊದಲನೆಯ ಗ್ರಂಥವನ್ನು ತೆರೆದು ಎರಡು ಬಟ್ಟೆಗಳ ಕಥೆ ಓದಿ. ಎರಡನೆಯ ಅಧ್ಯಾಯದಲ್ಲಿ ತಾಯಿ ಹನ್ನಳು ದೇವಾಲಯದಲ್ಲಿದ್ದ ಮಗನಿಗೆ ವರ್ಷವರ್ಷವೂ ಒಂದು ಪುಟ್ಟ ನಿಲುವಂಗಿ ಮಾಡಿ ಒಯ್ಯುತ್ತಾಳೆ. ಬೆಳೆಯುವ ಮಗನಿಗೆ ಹಳೆಯ ಅಳತೆ ಸಾಲದೆಂದು ಅವಳಿಗೆ ಗೊತ್ತು. ಹದಿನೇಳನೆಯ ಅಧ್ಯಾಯದಲ್ಲಿ ಅರಸ ಸೌಲನು ಬಾಲಕ ದಾವೀದನಿಗೆ ತನ್ನ ಕವಚ, ಶಿರಸ್ತ್ರಾಣಗಳನ್ನು ತೊಡಿಸುತ್ತಾನೆ. ಅದು ನಾಡಿನಲ್ಲೇ ಶ್ರೇಷ್ಠವಾದ ಉಡುಪು. ದಾವೀದನಿಗೆ ನಡೆಯಲೂ ಆಗುವುದಿಲ್ಲ. ಇದು ನನಗೆ ಒಗ್ಗದು ಎಂದು ಕಳಚಿಡುತ್ತಾನೆ. ಸೌಲನು ಬಲವಂತ ಮಾಡಲಿಲ್ಲ. ನಾವಾಗಿದ್ದರೆ 'ಇಷ್ಟು ಖರ್ಚು ಮಾಡಿಸಿದ್ದೇನೆ, ಸುಮ್ಮನೆ ಹಾಕಿಕೊ' ಎನ್ನುತ್ತಿದ್ದೆವು.

ಹಾಗಾದರೆ ತಂದೆ ತಾಯಂದಿರಿಗೆ ಕೆಲಸವೇ ಇಲ್ಲವೇ? ಇದೆ. ಮಳವಳ್ಳಿಯ ಕಡೆ ರೇಷ್ಮೆ ಸಾಕುವವರನ್ನು ಕೇಳಿ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು ರೈತನ ಕೆಲಸ. ಗಾಳಿಯಾಡುವಂತೆ ನೋಡಿಕೊಳ್ಳಬೇಕು, ಒತ್ತೊತ್ತಾಗಿ ಬಿಡಬಾರದು. ಆದರೆ ಗೂಡನ್ನು ನೂಲುವುದು ಹುಳುವೇ. ರೈತ ಕೈಹಾಕಿದರೆ ಗೂಡು ಕೆಟ್ಟಿತು. ಹಾಗೆಯೇ ಬೆಲೆ, ಋತು, ಶುಚಿ, ಸಭ್ಯತೆ ಇವು ನಿಮ್ಮ ಚಂದ್ರಿಕೆ. ಜನವರಿಯ ಚಳಿಯಲ್ಲಿ ಸ್ವೆಟರು ಬೇಕೇ ಎಂದು ಮಗುವನ್ನು ಕೇಳಬೇಕಾಗಿಲ್ಲ. ಯಾವ ಸ್ವೆಟರು ಎಂದು ಕೇಳಿ. ಬಣ್ಣ ಮಗುವಿನದು, ಬಟ್ಟೆ ಮೈಗೆ ಹಿತವೋ ಚುಚ್ಚುವುದೋ ಎಂಬ ತೀರ್ಪು ಸಂಪೂರ್ಣವಾಗಿ ಮಗುವಿನದು, ಏಕೆಂದರೆ ಆ ಮೈ ಅದರದು. ಬೇಡವೆಂದಾಗ ಬೇಡವೆನ್ನಲು ಮನೆಯಲ್ಲಿ ಕಲಿತ ಮಗು ನಾಳೆ ಹೊರಗಿನವರ ಎದುರಿಗೂ ಧೈರ್ಯವಾಗಿ ಬೇಡವೆನ್ನಬಲ್ಲದು.

ಬರುವ ವರ್ಷ ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಗೊಳಿಸುವ ಕುಟುಂಬಗಳಲ್ಲಿ ನನ್ನದೊಂದು ಬೇಡಿಕೆ. ಬಿಳಿ ಬಣ್ಣ ನಮ್ಮ ದೀಕ್ಷಾಸ್ನಾನದ ನೆನಪು, ಅದು ಇರಲಿ. ಅದರೊಳಗೆ ಹತ್ತಿಯೋ ನೆಟ್ಟೋ, ಗಿಡ್ಡವೋ ಉದ್ದವೋ, ಮಗುವನ್ನು ಅಂಗಡಿಗೆ ಕರೆದೊಯ್ದು, ಕುತ್ತಿಗೆಗೆ ಮುಟ್ಟಿಸಿ ಕೇಳಿ. ಬೇಡವೆಂದರೆ ಅಲ್ಲಿಯೇ ಬಿಟ್ಟುಬನ್ನಿ. ನಾನೂ ಒಂದು ಮಾತು ಕೊಡುತ್ತೇನೆ: ಅಂದು ಪೀಠದ ಬಳಿ ನಿಂತು ಯಾರ ಬಟ್ಟೆಯ ಬಗ್ಗೆಯೂ ಒಂದಕ್ಷರ ಆಡುವುದಿಲ್ಲ.